ಚಂಚಲಾಂಕ

ಐದು ತುಂಬಿದ ಮಗುವಿನ ಬೆರಳ ತುದಿಯಿಂದ ಒಂದು ಹನಿ ರಕ್ತ ಸಾಕು. ಆ ಮಗುವಿನ ಮನಸ್ಸು ಒಂದು ಕೆಲಸದ ಮೇಲೆ ಎಷ್ಟು ನಿಲ್ಲುತ್ತದೆ, ಎಷ್ಟು ಹಾರುತ್ತದೆ ಎಂಬುದನ್ನು ಯಂತ್ರ ಒಂದು ಸಂಖ್ಯೆಯಲ್ಲಿ ಹೇಳಿಬಿಡುತ್ತದೆ. ಆ ಸಂಖ್ಯೆಗೆ ಚಂಚಲಾಂಕ ಎಂದು ಹೆಸರು. ಅದು ಎಪ್ಪತ್ತು ದಾಟಿದರೆ ಮಗುವನ್ನು ಶಾಲೆಗೆ ಸೇರಿಸುವ ಮೊದಲು ಸ್ತಿಮಿತ ಕೇಂದ್ರಕ್ಕೆ ಕರೆದೊಯ್ಯಬೇಕೆಂದು ಕಾನೂನು. ಅಲ್ಲಿ ಮೂಗಿಗೆ ಹನಿ ಹಾಕುತ್ತಾರೆ.

ಆ ಹನಿಯಲ್ಲಿ ರೋಗ ತರದಂತೆ ಪಳಗಿಸಿದ ವೈರಾಣು ಇರುತ್ತದೆ. ಅದು ಮೂಗಿನ ನರದ ದಾರಿ ಹಿಡಿದು ಮಿದುಳಿನ ಮುಂಭಾಗವನ್ನು ಸೇರುತ್ತದೆ. ಡೋಪಮಿನ್ ಎಂಬ ರಸದ ಹರಿವನ್ನು ಆಳುವ ಒಂದು ವಂಶವಾಹಿಯ ಕೀಲಿಯನ್ನು ತಿರುಗಿಸುತ್ತದೆ. ಒಂದು ವಾರದಲ್ಲಿ ಮಗು ಶಾಂತವಾಗುತ್ತದೆ. ಕೂಡಿಸಿದಲ್ಲಿ ಕೂರುತ್ತದೆ. ತಿರುಗಿಸಿದ ಕೀಲಿಯನ್ನು ಹಿಂದಕ್ಕೆ ತಿರುಗಿಸುವ ವಿದ್ಯೆ ಮಾತ್ರ ಇನ್ನೂ ಯಾರಿಗೂ ತಿಳಿಯದು.

ಈ ಅಂಕವನ್ನು ಕಂಡುಹಿಡಿದದ್ದು ದಾವಣಗೆರೆಯ ಒಂದು ಸಂಶೋಧನಾಲಯ. ಕಂಡುಹಿಡಿದವರ ಪೈಕಿ ಮೊದಲ ಹೆಸರು ಡಾಕ್ಟರ್ ದಾಕ್ಷಾಯಣಿಯದು.

ಯುಗಾದಿ ಕಳೆದು ಶಾಲೆಗಳಲ್ಲಿ ಪ್ರವೇಶ ಆರಂಭವಾಗಿತ್ತು. ಜಿಲ್ಲೆಯ ಮಕ್ಕಳ ರಕ್ತವೆಲ್ಲ ಸಂಶೋಧನಾಲಯದ ಯಂತ್ರಗಳಿಗೆ ಬರುತ್ತಿತ್ತು. ಮಧ್ಯಾಹ್ನ ದಾಕ್ಷಾಯಣಿ ಊಟದ ಡಬ್ಬಿಯ ಮುಚ್ಚಳ ತೆರೆಯುವ ಹೊತ್ತಿಗೆ ಜಬೀನ್ ಬಂದು ಮೇಜಿನ ಪಕ್ಕ ಸುಮ್ಮನೆ ನಿಂತಳು. ಜಬೀನ್ ಅಲ್ಲಿಯ ಸಂಖ್ಯಾಶಾಸ್ತ್ರಜ್ಞೆ. ಯಂತ್ರ ಓದಿದ್ದಕ್ಕೆ ಅರ್ಥ ಕೊಡುವವಳು. ಎಂದೂ ಸುಮ್ಮನೆ ನಿಲ್ಲುವವಳಲ್ಲ.

"ಅಕ್ಕ, ಬನಶ್ರೀದು ಬಂತು."

"ಎಷ್ಟು?"

"ಮೊದ್ಲು ಊಟ ಮಾಡ್ರಿ."

"ಎಷ್ಟು ಅಂದೆ."

"ಎಂಬತ್ತೆರಡು."

ದಾಕ್ಷಾಯಣಿ ಡಬ್ಬಿಯನ್ನು ಮುಚ್ಚಿದಳು. ಬನಶ್ರೀ ಅವಳ ಮಗಳು. ಇದ್ದೊಬ್ಬ ಮಗಳು. ಎದ್ದು ಹೋಗಿ ಮಾದರಿಯನ್ನು ತಾನೇ ಯಂತ್ರಕ್ಕೆ ಮತ್ತೊಮ್ಮೆ ಹಾಕಿದಳು. ಯಂತ್ರ ಎಂಬತ್ತೆರಡು ಎಂದೇ ಹೇಳಿತು. ಯಂತ್ರಕ್ಕೆ ಹಾಗೆ ಹೇಳಲು ಕಲಿಸಿದವಳು ಅವಳೇ ಆದ್ದರಿಂದ ಜಗಳವಾಡಲು ಎದುರಿಗೆ ಯಾರೂ ಇರಲಿಲ್ಲ.

"ಪ್ರೀತಿ ತಾಯಿಯ ಕಣ್ಣಿಗೆ ಮಗುವಿನ ಕುಂದು ಮುಚ್ಚುತ್ತೆ ಅಂತಾರೆ. ನಮ್ಮ ಬನಶ್ರೀ ಹಾಗಲ್ಲ ಅಂತ ಅನ್ನಿಸ್ತಿರೋದೂ ಅದಕ್ಕೇ ಏನೋ," ಎಂದಳು.

ಜಬೀನ್ ಕುರ್ಚಿ ಎಳೆದುಕೊಂಡು ಕೂತಳು. "ನನ್ನ ಸುಹೇಲಂದು ಎಷ್ಟು ಗೊತ್ತಲ್ಲ? ಮೂವತ್ತೊಂದು. ಮೂವತ್ತೊಂದು ಅಕ್ಕ! ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು ಹೋಗ್ತಾನೆ. ಚಪ್ಪಲಿ ಶಾಲೇಲಿ, ಬ್ಯಾಗು ಆಟೋದಲ್ಲಿ. ಮೊನ್ನೆ ಲಾರಿ ಬರೋದು ನೋಡ್ದೆ ರಸ್ತೆಗೆ ನುಗ್ಗಿದ. ಬರೆಯೋಕೆ ಕೂತು, ಆಗದೆ, 'ಅಮ್ಮೀ, ನನ್ನ ತಲೆ ಸುಮ್ನೆ ಇರಲ್ಲ' ಅಂತ ಅಳ್ತಾನೆ. ಅವನಿಗೆ ನಿಜವಾಗ್ಲೂ ಕಷ್ಟ ಐತೆ. ಡಾಕ್ಟರ್ ಹತ್ರ ಹೋದ್ರೆ, 'ಅಂಕ ಕಮ್ಮಿ ಐತೆ ಕಣಮ್ಮ, ಇದು ಬರೀ ತುಂಟತನ, ಎರಡು ಬಿಗಿ' ಅಂತಾರೆ."

ಈ ಮಾತನ್ನು ದಾಕ್ಷಾಯಣಿ ಮೊದಲೂ ಕೇಳಿದ್ದಳು. ಲಕ್ಷ ಮಕ್ಕಳಲ್ಲಿ ಹೀಗೆ ಕೆಲವು ತಪ್ಪುವುದು ಸಹಜ ಎಂದು ಸಮಾಧಾನ ಹೇಳಿದ್ದಳು. ಇಂದು ಆ ಕೆಲವರಲ್ಲಿ ತನ್ನ ಮಗಳೂ ಇರಬಹುದೆನಿಸಿತು.

*

ಸಂಜೆ ಮನೆಯ ಮುಂದಿನ ಜಗಲಿಯಲ್ಲಿ ಬನಶ್ರೀ ಅಜ್ಜಿಯ ಜೊತೆ ಮಲ್ಲಿಗೆ ಕಟ್ಟುತ್ತಿದ್ದಳು. ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ಎರಡು ಮೊಗ್ಗು ಆಚೆ, ಎರಡು ಮೊಗ್ಗು ಈಚೆ, ನಡುವೆ ಗಂಟು. ಮೊರದಲ್ಲಿ ಹೂ ಮುಗಿಯುವವರೆಗೆ ಆ ಮಗು ಏಳುತ್ತಿರಲಿಲ್ಲ. ಬೀದಿಯಲ್ಲಿ ಐಸ್‌ಕ್ರೀಮಿನ ಗಾಡಿ ಗಂಟೆ ಬಾರಿಸಿಕೊಂಡು ಹೋದರೂ ತಲೆಯೆತ್ತುತ್ತಿರಲಿಲ್ಲ.

ದಾಕ್ಷಾಯಣಿಯ ಗಂಡ ರುದ್ರೇಶನಿಗೆ ಬ್ಯಾಟರಿ ಅಂಗಡಿ. ಅವನು ಅಂಕವನ್ನು ಕೇಳಿ ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ಹಾಗೆಯೇ ನಿಂತ.

"ಊರ ಮಕ್ಕಳಿಗೆಲ್ಲ ನಂಬರು ಹಚ್ಚಿದ್ರಿ. ಈಗ ನಮ್ಮನೆಗೇ ಬಂತು," ಎಂದ.

"ಅಣಕ ಮಾಡಬೇಡ್ರಿ."

"ಅಣಕ ಅಲ್ಲ. ಅಲ್ಲಿ ನೋಡು, ಹೊರಗೆ ಕೂತದೆಯಲ್ಲ, ಅದು ಚಂಚಲ ಏನು? ಅದಕ್ಕಿಂತ ನಾನೇ ಚಂಚಲ. ನನಗೇ ಹಾಕು ಆ ಹನಿ."

ದಾಕ್ಷಾಯಣಿ ಉತ್ತರ ಕೊಡುವಷ್ಟರಲ್ಲಿ ಪಕ್ಕದ ಮನೆಯ ನೀಲಮ್ಮ ಮೊಸರಿನ ಪಾತ್ರೆ ಹಿಂದಿರುಗಿಸಲು ಬಂದಳು. ಅವಳ ಮೊಮ್ಮಗಳು ಸಿರಿಗೆ ಹೋದ ವರ್ಷ ಹನಿ ಹಾಕಿಸಿದ್ದರು. ಮೊದಲು ಆ ಹುಡುಗಿ ಬೀದಿಗೆಲ್ಲ ಕೇಳುವಂತೆ ಹಾಡುತ್ತಿದ್ದಳು. ಈಗ ಗೇಟಿನ ಬಳಿ ಕೂಡಿಸಿದರೆ ಗೇಟಿನ ಬಳಿ, ಕರೆದರೆ ಬರುತ್ತಾಳೆ, ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಶಾಲೆಯಲ್ಲಿ ಬಹಳ ಒಳ್ಳೆಯ ಹೆಸರು.

ನೀಲಮ್ಮ ಬನಶ್ರೀಯ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. "ಎಷ್ಟು ಚೆಂದ ಕಟ್ತಾಳವ್ವಾ! ಒಂದೇ ಸಮ, ಅಚ್ಚಿನಾಗೆ ಹಾಕಿದಂಗೆ. ಎಂಥ ಜಾಣೆ ಮಗು," ಎಂದಳು.

"ಅಯ್ಯೋ ಬಿಡ್ರಿ ನೀಲಮ್ಮ," ಎಂದಳು ದಾಕ್ಷಾಯಣಿ. "ಎಂಥ ಜಾಣೆ? ಮಂಗನ ಬುದ್ಧಿ. ಒಂದು ಕಡೆ ಕೂರಲ್ಲ, ಒಂದು ಕೆಲಸ ನೆಟ್ಟಗೆ ಮಾಡಲ್ಲ."

ಬನಶ್ರೀ ತಲೆಯೆತ್ತದೆ ಇನ್ನೊಂದು ಗಂಟು ಹಾಕಿದಳು. ನೀಲಮ್ಮ ಅದನ್ನು ಒಪ್ಪುವಂತೆ ತಲೆಯಾಡಿಸಿ ಹೋದಳು. ಅತ್ತೆ ತಿಪ್ಪಮ್ಮ, ಸೊಸೆ ಸರಿಯಾದುದನ್ನೇ ಹೇಳಿದಳೆಂಬಂತೆ, ಮೊರದಿಂದ ಮತ್ತೆರಡು ಮೊಗ್ಗು ಆರಿಸಿ ಕೊಟ್ಟಳು.

ದಾಕ್ಷಾಯಣಿ ಮಾತ್ರ ಬಾಗಿಲಲ್ಲಿ ಕಲ್ಲಿನಂತೆ ನಿಂತಳು. ತಾನು ಆಡಿದ ಮಾತನ್ನು ತಾನೇ ಕೇಳಿದ್ದಳು. ಅದರಲ್ಲಿ ಒಂದು ಅಕ್ಷರವೂ ನಿಜವಲ್ಲ. ಹಾಗಾದರೆ ಏಕೆ ಹೇಳಿದೆ? ಯೋಚಿಸಿ ಹೇಳಿದ್ದಲ್ಲ. ನೀಲಮ್ಮ ಹೊಗಳಿದೊಡನೆ ಬಾಯಿ ತಾನಾಗಿ ತೆರೆಯಿತು. ಹೊಗಳಿಕೆಯ ಮೇಲೆ ಬೇಗ ಬೇಗ ಮಣ್ಣೆರಚಿದಂತೆ.

ಅವಳಿಗೆ ಮೊದಲು ಒಬ್ಬ ಮಗನಿದ್ದ. ಪ್ರಣವ. ಮೂರು ವರ್ಷಕ್ಕೇ ತಪ್ಪಿಲ್ಲದೆ ವಚನ ಹೇಳುತ್ತಿದ್ದ. ತಂಗಿಯ ಮದುವೆಯ ಚಪ್ಪರದಲ್ಲಿ ಅವಳೇ ಅವನನ್ನು ಮಣೆಯ ಮೇಲೆ ನಿಲ್ಲಿಸಿ, "ನಮ್ಮ ಪ್ರಣವ ಎಷ್ಟು ಚೆನ್ನಾಗಿ ಹೇಳ್ತಾನೆ ಕೇಳ್ರಿ," ಎಂದಿದ್ದಳು. ಚಪ್ಪರದ ಜನವೆಲ್ಲ ಕೇಳಿ ಕೊಂಡಾಡಿದರು. ಆ ವಾರವೇ ಮಗುವಿಗೆ ಜ್ವರ ಬಂತು. ಯಾವ ಸೊಳ್ಳೆ, ಯಾವ ವೈರಾಣು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದವಳಿಗೆ ಗೊತ್ತಿರುವುದು ಕೆಲಸಕ್ಕೆ ಬರಲಿಲ್ಲ. ಕೊಟ್ಟ ದೇವರು ಕರೆದುಕೊಂಡ ಎಂದು ಅತ್ತೆ ಕೂಸಿನ ಹಣೆಗೆ ವಿಭೂತಿ ಹಚ್ಚಿದಳು. ಆ ಮೇಲೆ ದಾಕ್ಷಾಯಣಿ ಯಾರ ಮುಂದೆಯೂ ಯಾವ ಮಗುವನ್ನೂ ಹೊಗಳಲಿಲ್ಲ.

*

"ಅಕ್ಕ, ಇದೇನು ಹೇಳ್ತಿದೀರಿ? ನಮ್ಮ ಲೆಕ್ಕಕ್ಕೂ ದೃಷ್ಟಿಗೂ ಏನು ಸಂಬಂಧ?" ಎಂದಳು ಜಬೀನ್ ಮರುದಿನ.

"ನಿಮ್ಮಲ್ಲಿ ಮಗುವನ್ನ ಹೊಗಳಿದ್ರೆ ಏನಂತಾರೆ?"

"ನಜರ್ ಬೀಳುತ್ತೆ ಅಂತಾರೆ. ನಮ್ಮಮ್ಮ ನನ್ನ ಮದುವೆ ಆಗೋ ತನಕ ಬಂದೋರಿಗೆಲ್ಲ 'ಇವಳು ಸೋಂಬೇರಿ' ಅಂತಲೇ ಹೇಳ್ತಿದ್ರು. ನಿಜ ಅಂದ್ಕೊಂಡು ಒಂದು ಸಂಬಂಧ ತಪ್ಪಿಹೋಯ್ತು."

"ನಾವು ಯಂತ್ರಕ್ಕೆ ಕಲಿಸಿದ್ದು ಯಾರ ಮಾತಿನಿಂದ?"

ಜಬೀನ್ ಮುಖದ ಮೇಲಿನ ನಗೆ ಮೆಲ್ಲನೆ ಇಳಿಯಿತು.

ಸಂಶೋಧನೆ ಆರಂಭವಾದಾಗ ಊರೂರಿಗೆ ಹೋಗಿ ತಾಯಿ-ಮಕ್ಕಳ ರಕ್ತ ತೆಗೆದಿದ್ದರು. ಮಕ್ಕಳು ಇನ್ನೂ ಶಾಲೆಗೆ ಹೋಗದವರು. ಆದ್ದರಿಂದ ಮಗು ಹೇಗೆಂದು ತಾಯಿಯನ್ನೇ ಕೇಳಿದ್ದರು. ಯಾವ ಮಕ್ಕಳ ತಾಯಂದಿರು "ಚಂಚಲ" ಎಂದರೋ ಆ ಮಕ್ಕಳ ರಕ್ತದಲ್ಲಿ ಹೆಚ್ಚಾಗಿ ಕಾಣುವ ವಂಶವಾಹಿಗಳನ್ನು ಕೂಡಿಸಿ ಅಂಕ ಮಾಡಿದ್ದರು. ಪ್ರಶ್ನೆಗಳನ್ನು ಹೊರದೇಶದ ಒಂದು ಕ್ರಮದಿಂದ ಎತ್ತಿಕೊಂಡಿದ್ದರು. ತಾಯಿಯ ಪ್ರೀತಿ ಮಗುವಿನ ಕುಂದನ್ನು ಮುಚ್ಚುತ್ತದೆಂದು ಆ ಕ್ರಮದಲ್ಲಿ ಹೊಗಳಿಕೆಗೆ ಅರ್ಧ ಬೆಲೆ, ದೂರಿಗೆ ಪೂರ್ತಿ ಬೆಲೆ.

ಆ ದಿನಗಳು ದಾಕ್ಷಾಯಣಿಯ ಕಣ್ಣ ಮುಂದೆ ಬಂದವು. ಜಗಲಿಯ ಮೇಲೆ ಅಪರಿಚಿತರು ಕುಳಿತಿದ್ದಾರೆ. ಸುತ್ತ ಓರಗಿತ್ತಿ, ನಾದಿನಿ, ನೆರೆಯವರು. "ನಿಮ್ಮ ಮಗು ಒಂದೆಡೆ ಕೂರುತ್ತದೆಯೇ?" ಎಂದು ಕೇಳುತ್ತಾರೆ. ತಾಯಿ ಮಗುವನ್ನು ಸೆರಗಿನ ಮರೆಗೆ ಎಳೆದುಕೊಂಡು, "ಅಯ್ಯೋ, ಇದಾ? ಕೋತಿಗೆ ಹೆಂಡ ಕುಡಿಸಿದಂಗೆ ಆಡತೈತೆ," ಎಂದು ನಗುತ್ತಾಳೆ. ಎಲ್ಲರೂ ನಗುತ್ತಾರೆ. ನಮ್ಮ ತಾಯಂದಿರು ಎಷ್ಟು ಪ್ರಾಮಾಣಿಕರು, ಮಕ್ಕಳ ದೋಷವನ್ನು ಮುಚ್ಚಿಡುವುದಿಲ್ಲ ಎಂದು ಅವಳೇ ದೊಡ್ಡ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಹೊರದೇಶದವರು ಬೆರಗಾಗಿದ್ದರು.

"ಇದು ಬರೀ ಅನುಮಾನ," ಎಂದಳು ಜಬೀನ್. "ಲೆಕ್ಕದಲ್ಲಿ ತೋರಿಸಬೇಕು."

"ತೋರಿಸೋಣ. ತಾಯಿಯ ವಂಶವಾಹಿಗಳಲ್ಲಿ ಅರ್ಧ ಮಗುವಿಗೆ ಹೋಗುತ್ತೆ. ಇನ್ನರ್ಧ ತಾಯಿಯಲ್ಲೇ ಉಳಿಯುತ್ತೆ. ಉಳಿದ ಅರ್ಧ ಮಗುವಿನ ಮೈಯಲ್ಲಿ ಇಲ್ಲವೇ ಇಲ್ಲ. ಅದು ಮಗುವಿನ ಮಿದುಳನ್ನ ಏನೂ ಮಾಡೋಕಾಗಲ್ಲ. ಅಲ್ಲವಾ?"

"ಹೌದು."

"ನೀನು ಆ ಉಳಿದ ಅರ್ಧದಿಂದ ಅಂಕ ಹಾಕಿ ನೋಡು. ಮಗುವಿಗೆ ಬಾರದೆ ಇರೋ ವಂಶವಾಹಿಗಳೂ ಮಗು ಚಂಚಲ ಅಂತ ಹೇಳಿದ್ರೆ..."

"ಹೇಳಿದ್ರೆ ಅದು ಮಗುವಿನ ಮಿದುಳಿನ ಮಾತಲ್ಲ," ಎಂದು ಜಬೀನ್ ಮುಗಿಸಿದಳು. "ತಾಯಿಯ ಬಾಯಿ ಮಾತು."

ಲೆಕ್ಕ ಮುಗಿಯಲು ವಾರ ಹಿಡಿಯಿತು. ಒಂದು ಬೆಳಿಗ್ಗೆ ಇಬ್ಬರೂ ಪರದೆಯ ಮುಂದೆ ನಿಂತರು. ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ಮಗುವಿಗೆ ಬಂದ ಅರ್ಧ ಎಷ್ಟು ಹೇಳುತ್ತಿತ್ತೋ ತಾಯಿಯಲ್ಲಿ ಉಳಿದ ಅರ್ಧವೂ ಅಷ್ಟೇ ಹೇಳುತ್ತಿತ್ತು. ಆ ವಂಶವಾಹಿಗಳು ಬೇರೆ ಎಲ್ಲಿ ಹೆಚ್ಚಾಗಿ ಕಾಣುತ್ತವೆಂದು ಹುಡುಕಿದರೆ, ಭಯಪಡುವವರಲ್ಲಿ. ಗಂಡ ಬರುವುದು ತಡವಾದರೆ ಬಾಗಿಲಲ್ಲಿ ನಿಲ್ಲುವವರಲ್ಲಿ, ಮಗು ನಿದ್ದೆ ಹೋದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವವರಲ್ಲಿ. ಹೆಚ್ಚು ಭಯವಿದ್ದ ತಾಯಿ ದೃಷ್ಟಿಗೆ ಹೆದರಿ ಮಗುವನ್ನು ಹೆಚ್ಚು ಹಳಿದಿದ್ದಳು.

ದಾಕ್ಷಾಯಣಿ ತನ್ನ ರಕ್ತವನ್ನೂ ಯಂತ್ರಕ್ಕೆ ಹಾಕಿದಳು. ತೊಂಬತ್ತನಾಲ್ಕು ಬಂತು.

"ಅಂಕ ಬನಶ್ರೀದಲ್ಲ ಜಬೀನ್. ನನ್ನದು."

ಜಬೀನ್ ಕಣ್ಣೊರೆಸಿಕೊಂಡಳು. "ನನಗೆ ಭಯ ಕಡಿಮೆ ಅಕ್ಕ. ಅದಕ್ಕೇ ನನ್ನ ಮಗನಿಗೆ ಮೂವತ್ತೊಂದು. ನಾನು ಧೈರ್ಯವಾಗಿ ಹುಟ್ಟಿದ್ದಕ್ಕೆ ಅವನಿಗೆ ಔಷಧಿ ಇಲ್ಲ!"

*

ಸಂಶೋಧನಾಲಯದ ನಿರ್ದೇಶಕರು ಡಾಕ್ಟರ್ ಹಾಲೇಶಪ್ಪ. ಕೆಟ್ಟವರಲ್ಲ. ಗೋಡೆಯ ಮೇಲೆ ಗುರುಗಳ ಪಟ. ಅದಕ್ಕೆ ದಿನವೂ ತಾವೇ ಹೂವಿಡುವವರು. ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

"ದಾಕ್ಷಾಯಣಮ್ಮ, ಅಷ್ಟೂ ಜನ ತಾಯಂದಿರು ಸುಳ್ಳು ಹೇಳಿದ್ರು ಅಂತೀರಾ?"

"ಸುಳ್ಳಲ್ಲ ಸಾರ್. ಕಾಪಾಡಿದ್ರು."

"ಹನಿ ಹಾಕಿದ ಮಕ್ಕಳೆಲ್ಲ ಸುಮ್ಮನಾಗಿದ್ದಾವೆ. ಸುಮ್ಮನಾದ್ವು ಅಂದ್ರೆ ಮೊದಲು ಚಂಚಲ ಇದ್ವು ಅಂತಲೇ ಅಲ್ಲವಾ?"

"ಓಡೋ ಕರುವಿನ ಕಾಲು ಕಟ್ಟಿದ್ರೂ ಸುಮ್ಮನಾಗುತ್ತೆ ಸಾರ್. ಹನಿ ಬೇಕಾದ ಮಕ್ಕಳಿಗೆ ಅದು ವರ. ಆದ್ರೆ ಆ ಮಕ್ಕಳು ಯಾರು ಅಂತ ನಮ್ಮ ಅಂಕಕ್ಕೆ ಗೊತ್ತಿಲ್ಲ. ಜಬೀನ್ ಮಗನ್ನ ಬಿಟ್ಟು ನನ್ನ ಮಗಳನ್ನ ಹಿಡೀತಿದೆ."

ಹಾಲೇಶಪ್ಪನವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ನಿಮ್ಮ ಮಗಳು ಅಂದ್ರಲ್ಲ, ಅಲ್ಲೇ ತೊಡಕು. ಬೇರೆಯವರ ಮಕ್ಕಳಿಗೆ ಹಾಕೋವಾಗ ಅಂಕ ಸರಿ ಇತ್ತು, ಸ್ವಂತ ಮಗಳಿಗೆ ಬಂದಾಗ ತಪ್ಪಾಯ್ತು ಅಂತ ಜನ ಆಡ್ಕೊಳ್ಳಲ್ಲವಾ? ತಾಯಂದಿರನ್ನ ಮತ್ತೆ ಕೇಳಿ. ಅವರ ಬಾಯಿಂದಲೇ ನಿಜ ಬರಲಿ. ಆಮೇಲೆ ನೋಡೋಣ."

ದಾಕ್ಷಾಯಣಿ, ಜಬೀನ್ ಇಬ್ಬರೂ ಹರಿಹರದ ಕಡೆಯ ಊರುಗಳಿಗೆ ಹೋದರು. ಮೊದಲು ಮಾತಾಡಿಸಿದ್ದ ತಾಯಂದಿರನ್ನೇ ಹುಡುಕಿದರು. ಈ ಸಲ ಜಗಲಿಯಲ್ಲಿ ಅಲ್ಲ, ಒಳಗೆ ಕೂತು, ಬಾಗಿಲು ಮುಂದೆ ಮಾಡಿ ಕೇಳಿದರು. ಆದರೆ ಕೇಳುವುದು ಹೇಗೆ?

"ನಿಮ್ಮ ಮಗುವಿನ ಒಳ್ಳೆ ಗುಣ ಹೇಳಿ ತಾಯಿ," ಎಂದಳು ದಾಕ್ಷಾಯಣಿ ಒಬ್ಬಳಿಗೆ.

ಆ ಹೆಂಗಸು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಒಳ್ಳೇದು ಹೇಳಬೇಕಾ? ಯಾಕ್ರಿ? ನನ್ನ ಮಗಿನ ಮ್ಯಾಲೆ ನಿಮಗೇನು ಕಣ್ಣು?"

"ಕಣ್ಣಲ್ಲ ತಾಯಿ. ನಿಜ ಗೊತ್ತಾಗಲಿ ಅಂತ."

"ನಿಜ ಶಿವನಿಗೆ ಗೊತ್ತೈತೆ. ನಿಮಗ್ಯಾಕೆ?"

ಇನ್ನೊಬ್ಬಳು ಬಾಗಿಲನ್ನೇ ತೆರೆಯಲಿಲ್ಲ. ಮತ್ತೊಬ್ಬಳು, "ಕೆಟ್ಟದು ಎಷ್ಟು ಬೇಕಾದರೂ ಕೇಳ್ರಿ, ಹೇಳ್ತೀನಿ," ಎಂದಳು. ಒಬ್ಬ ಎಳೆಯ ತಾಯಿ ಮಾತ್ರ ಅತ್ತಿತ್ತ ನೋಡಿ, "ನಮ್ಮದು ಭಾಳ..." ಎಂದು ತೊಡಗಿ, ನಾಲಿಗೆ ಕಚ್ಚಿಕೊಂಡು, ನೆಲ ಮುಟ್ಟಿ ಎರಡೂ ಕೆನ್ನೆ ಬಡಿದುಕೊಂಡಳು. ವ್ಯಾನಿನಲ್ಲಿ ಹಿಂದಿರುಗುವಾಗ ಜಬೀನ್ ನಗಲು ತೊಡಗಿ, ನಗುವುದನ್ನು ನಿಲ್ಲಿಸಲಾರದೆ ಕಿಟಕಿಯ ಕಡೆ ತಿರುಗಿದಳು.

ಹಾಲೇಶಪ್ಪನವರಿಗೆ ತೋರಿಸಲು ಇಬ್ಬರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಅರ್ಧಕ್ಕೇ ನಿಂತ ಒಂದೆರಡು ಒಳ್ಳೆಯ ಮಾತುಗಳನ್ನೂ ನಿರ್ದೇಶಕರು ಬದಿಗಿಟ್ಟರು. "ಹೊಗಳಿಕೆಗೆ ಅರ್ಧ ಬೆಲೆ ಅಂತ ನೀವೇ ನಿಯಮ ಮಾಡಿದೀರಿ. ತಾಯಿ ಹೊಗಳಿದ್ದು ಮಮಕಾರ, ಸಾಕ್ಷಿ ಅಲ್ಲ."

"ಬೈದದ್ದು ಸಾಕ್ಷಿ, ಹೊಗಳಿದ್ದು ಮಮಕಾರ! ಇದು ಯಾವ ನ್ಯಾಯ ಸಾರ್?"

"ನಾನೇನು ಮಾಡಲಿ? ಕಾನೂನು ಆಗಿದೆ. ಬದಲಾಯಿಸಬೇಕಾದರೆ ಸಮಿತಿ, ಆಮೇಲೆ ಇಲಾಖೆ, ಆಮೇಲೆ ಸದನ. ಎರಡು ಮೂರು ವರ್ಷ." ಅವರು ಧ್ವನಿ ತಗ್ಗಿಸಿದರು. "ಒಂದು ಬಾಗಿಲು ಇದೆ. ಹನಿ ಹಾಕೋ ಮುಂಚೆ ಕೇಂದ್ರದಲ್ಲಿ ನರ್ಸು ತಾಯಿಯನ್ನ ಒಂದು ಮಾತು ಕೇಳಲೇಬೇಕು: ಮಗು ಮನೆಯಲ್ಲಿ ಹೇಗೆ ಅಂತ. ತಾಯಿಯೇ ನಿಂತು ಚಂಚಲ ಅಲ್ಲ ಅಂದ್ರೆ ಆ ವರ್ಷ ಹನಿ ಹಾಕೋ ಹಾಗಿಲ್ಲ. ಆದ್ರೆ ನೋಡಿ, ಇಷ್ಟು ವರ್ಷದಲ್ಲಿ ಒಬ್ಬ ತಾಯಿಯೂ ಹಾಗೆ ಹೇಳಿಲ್ಲ. ಅದನ್ನೇ ಎಲ್ಲರೂ ನಿಮ್ಮ ಅಂಕ ಸರಿ ಅನ್ನೋದಕ್ಕೆ ಪುರಾವೆಯಾಗಿ ತೋರಿಸ್ತಾರೆ."

*

ಹಾಗಾದರೆ ಕೆಲಸ ಸುಲಭ ಎಂದ ರುದ್ರೇಶ. "ನೀನು ಹೋಗಿ ಹೇಳು, ಮುಗೀತು. ಒಂದು ಮಾತು."

ಒಂದು ಮಾತು. ದಾಕ್ಷಾಯಣಿ ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಹೇಳಿ ನೋಡಿದಳು. "ನನ್ನ ಮಗಳು..." ಎಂದಳು. ಕುಕ್ಕರು ಕೂಗಿತು. ಮತ್ತೆ, "ನನ್ನ ಮಗಳು..." ಎಂದಳು. ಮಣೆಯ ಮೇಲೆ ನಿಂತ ಪ್ರಣವ ಕಣ್ಣೆದುರು ಬಂದ. ಕಣ್ಣೊರೆಸಿಕೊಂಡು ಒಲೆ ಆರಿಸಿದಳು. ಹೊಗಳಿದ್ದರಿಂದ ಜ್ವರ ಬರುವುದಿಲ್ಲ ಎಂದು ಅವಳು ಯಾವ ಸಭೆಯಲ್ಲಿ ಬೇಕಾದರೂ ಸಾಧಿಸಬಲ್ಲಳು. ಅಡಿಗೆಮನೆಯಲ್ಲಿ ಸಾಧಿಸಲಾಗಲಿಲ್ಲ.

ತಿಪ್ಪಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ನನಗೆ ತಿಪ್ಪಮ್ಮ ಅಂತ ಯಾಕೆ ಹೆಸರಿಟ್ರು ಗೊತ್ತೇನೆ?"

"ಗೊತ್ತು ಅತ್ತೆ. ನಿಮಗಿಂತ ಮೊದಲು ಹುಟ್ಟಿದ್ವು ಉಳೀಲಿಲ್ಲ."

"ಮೊರದಾಗೆ ಹಾಕಿ ತಿಪ್ಪೆ ಮ್ಯಾಲೆ ಇಟ್ಟಿದ್ರಂತೆ. ಇದು ಕಸ, ಇದನ್ನ ಯಾರು ಒಯ್ತಾರೆ ಅಂತ. ಬನಶ್ರೀ ಹುಟ್ಟಿದಾಗ ನಾನೂ ಮೊರದಾಗೆ ಹಾಕ್ಕೊಂಡು ಹೋದೆ. ಈ ಊರಾಗೆ ತಿಪ್ಪೆ ಎಲ್ಲೈತೆ? ಕಾರ್ಪೊರೇಷನ್ ಕಸದ ಡಬ್ಬಿ ಪಕ್ಕ ಇಟ್ಟೆ. ಕಸದ ಗಾಡಿಯೋನು, 'ಅಜ್ಜಿ, ಹಸಿ ಕಸನೋ ಒಣ ಕಸನೋ' ಅಂದ."

ದಾಕ್ಷಾಯಣಿಗೆ ಅಳುವಿನ ನಡುವೆ ನಗೆ ಬಂತು. "ನನಗೆ ಹೇಳಲೇ ಇಲ್ಲವಲ್ಲ?"

"ನೀನು ಡಾಕ್ಟರಮ್ಮ, ಬೈತೀಯ ಅಂತ." ಮುದುಕಿ ಸೊಸೆಯ ಹತ್ತಿರ ಬಂದಳು. "ಆ ಕೂಸು ಹೋಗಿದ್ದು ನಿನ್ನ ಮಾತಿಗಲ್ಲ ಅಂತ ನಾನು ಹೇಳಿದರೆ ನಿನಗೆ ನಂಬಿಕೆ ಬರಲ್ಲ. ಹೇಳೋ ನನಗೇ ನಂಬಿಕೆ ಇಲ್ಲ. ಏನು ಮಾಡೋದು? ಹೇಳದಿದ್ರೆ ಇದನ್ನ ಸಿರಿ ಹಂಗೆ ಮಾಡ್ತಾರೆ. ಹೇಳಿದ್ರೆ ಕಣ್ಣು ತಾಗುತ್ತೆ. ನೀನು ಹೇಳು, ಕಣ್ಣಿನ ಕಾಟ ನಾನು ನೋಡ್ಕೋತೀನಿ."

*

ಸ್ತಿಮಿತ ಕೇಂದ್ರದ ಗೋಡೆಗೆ ತಿಳಿನೀಲಿ ಬಣ್ಣ. ನೆಲಕ್ಕೆ ಕಪ್ಪು ಬಿಳುಪಿನ ಚೌಕಗಳು. ತಾಯಂದಿರು ಮಕ್ಕಳ ಕೈ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ತುದಿಯಲ್ಲಿ ನರ್ಸಿನ ಮೇಜು, ಮೇಜಿನ ಹಿಂದೆ ಹನಿ ಹಾಕುವ ಕೋಣೆಯ ಬಾಗಿಲು.

ನರ್ಸು ಬೆಳಗಿನಿಂದ ಒಂದೇ ಪ್ರಶ್ನೆ ಕೇಳಿ ದಣಿದಿದ್ದಳು. "ಮಗು ಮನೇಲಿ ಹೇಗಮ್ಮ?" "ಅಯ್ಯೋ, ಹೇಳಬೇಡ್ರಿ." "ಒಳಗೆ ಹೋಗಿ." "ಮಗು ಮನೇಲಿ ಹೇಗಮ್ಮ?" "ಬಾಲ ಇಲ್ಲ ಅಷ್ಟೇ." "ಒಳಗೆ ಹೋಗಿ." ತಾಯಿಯ ಸೊಂಟಕ್ಕೆ ಅಂಟಿ ನಿಂತಿದ್ದ ಮಗು, ಬಿಟ್ಟ ಕಣ್ಣು ಬಿಟ್ಟಂತೆಯೇ ಒಳಗೆ ಹೋಗುತ್ತಿತ್ತು.

ದಾಕ್ಷಾಯಣಿಯ ಸರದಿ ಬಂತು. ಬನಶ್ರೀ ಅವಳ ಎಡಗೈ ಹಿಡಿದಿದ್ದಳು. ತಿಪ್ಪಮ್ಮ ಹಿಂದೆ ನಿಂತಿದ್ದಳು.

"ಮಗು ಮನೇಲಿ ಹೇಗಮ್ಮ?"

ದಾಕ್ಷಾಯಣಿ ಬಾಯಿ ತೆರೆದಳು. ಹಳೆಯ ಮಾತು ನಾಲಿಗೆಯ ತುದಿಗೆ ತಾನಾಗಿ ಬಂತು: ಅಯ್ಯೋ ಬಿಡ್ರಿ. ನರ್ಸು ಪರದೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಆ ಬೆರಳು ಉತ್ತರ ಬರುವ ಮೊದಲೇ ಒತ್ತಲು ಸಿದ್ಧವಾಗಿತ್ತು.

"ಶಿವನೇ," ಎಂದಳು ದಾಕ್ಷಾಯಣಿ ಮನಸ್ಸಿನಲ್ಲಿ. "ಇದೊಂದನ್ನ ನನಗೆ ಬಿಡು."

ಆ ಮೇಲೆ ಗಟ್ಟಿಯಾಗಿ ಹೇಳಿದಳು. "ನನ್ನ ಮಗಳು ಒಳ್ಳೆಯವಳು. ಹೂ ಕಟ್ಟೋಕೆ ಕೂತರೆ ಮೊರ ಖಾಲಿ ಆಗೋ ತನಕ ಏಳಲ್ಲ. ಹೇಳಿದ್ದು ಮರೆಯಲ್ಲ. ಬಹಳ ಜಾಣೆ."

ಹಿಂದಿದ್ದ ಒಬ್ಬ ಹೆಂಗಸು ಹೌಹಾರಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಬನಶ್ರೀ ತಾಯಿಯ ಮುಖವನ್ನು ನೋಡಿದಳು. ಅಮ್ಮ ಯಾರ ಬಗ್ಗೆ ಹೇಳುತ್ತಿದ್ದಾಳೆಂದು ತಿಳಿಯದವಳಂತೆ ನೋಡಿದಳು.

"ಹಾಗಂದ್ರೆ?" ಎಂದಳು ನರ್ಸು. "ಚಂಚಲ ಅಲ್ಲ ಅಂತಲಾ? ಅದಕ್ಕೆ ಇಲ್ಲಿ ಜಾಗವೇ ಇಲ್ಲಮ್ಮ. ಬಹಳ, ಸಾಧಾರಣ, ಸ್ವಲ್ಪ... ಮೂರೇ ಇರೋದು."

"ಕಾನೂನಿನಲ್ಲಿ ಇದೆ. ಕೇಳಿ ನೋಡಿ."

ನರ್ಸು ಫೋನು ಮಾಡಿದಳು. ಇನ್ನೊಬ್ಬರಿಗೆ ಮಾಡಿದಳು. ಬಹಳ ಹೊತ್ತು ಹೂಂ ಹೂಂ ಎಂದಳು. ಕೊನೆಗೆ, "ಈ ವರ್ಷ ಬೇಡವಂತೆ. ಮುಂದಿನ ವರ್ಷ ಮತ್ತೆ ಬರಬೇಕು," ಎಂದು ಬೇಸರದಿಂದ ಹೆಸರನ್ನು ಬದಿಗೆ ಸರಿಸಿದಳು.

ತಿಪ್ಪಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. ಸೊಂಟದ ಚೀಲದಿಂದ ಕಾಡಿಗೆಯ ಕರಡಿಗೆ ತೆಗೆದು, ಹೆಬ್ಬೆರಳನ್ನು ಅದ್ದಿ, ಮೊಮ್ಮಗಳ ಬಲಗೆನ್ನೆಯ ಮೇಲೆ ದೊಡ್ಡದೊಂದು ಬೊಟ್ಟು ಒತ್ತಿದಳು. "ಇಷ್ಟು ಮಂದಿ ಮುಂದೆ ಅಂದುಬಿಟ್ಟಳು ನಿಮ್ಮವ್ವ. ಥೂ, ಥೂ, ಥೂ."

ದಾಕ್ಷಾಯಣಿ ಹಿಂದಿದ್ದ ಹೆಂಗಸಿನ ಕಡೆ ತಿರುಗಿದಳು. ಆ ಹೆಂಗಸಿನ ಮಗಳು ನೆಲದ ಬಿಳಿಯ ಚೌಕಗಳ ಮೇಲೆ ಮಾತ್ರ ಕಾಲಿಡುತ್ತ ಕುಂಟಾಬಿಲ್ಲೆಯ ಹಾಗೆ ಕುಪ್ಪಳಿಸುತ್ತಿದ್ದಳು. ಬಹಳ ಹೊತ್ತಿನಿಂದ ಅದನ್ನೇ ಆಡುತ್ತಿದ್ದಳು. ಒಮ್ಮೆಯೂ ಕಪ್ಪನ್ನು ತುಳಿದಿರಲಿಲ್ಲ.

"ನೀವೂ ನಿಜ ಹೇಳಿ ತಾಯಿ. ನಿಮ್ಮ ಮಗು ಚೆನ್ನಾಗಿದೆ. ಹೇಳಿದ್ರೆ ಕಳಿಸಿಬಿಡ್ತಾರೆ."

ಆ ಹೆಂಗಸು ಮಗಳನ್ನು ನೋಡಿದಳು. ನರ್ಸನ್ನು ನೋಡಿದಳು. ಹಿಂದಿದ್ದ ಸಾಲನ್ನು, ಅಷ್ಟೊಂದು ಕಣ್ಣುಗಳನ್ನು ನೋಡಿದಳು. ಮಗಳನ್ನು ಎಳೆದು ಸೆರಗಿನೊಳಗೆ ಮುಚ್ಚಿಕೊಂಡಳು.

"ಮಗು ಮನೇಲಿ ಹೇಗಮ್ಮ?"

"ಅಯ್ಯೋ, ನಮ್ಮದು ಬಿಡ್ರಿ," ಎಂದಳು ಆಕೆ ಅವಸರದಿಂದ. "ಮಂಗ್ಯಾ. ಬರೀ ಮಂಗ್ಯಾ."

"ಒಳಗೆ ಹೋಗಿ."

ಬಾಗಿಲು ಮುಚ್ಚಿತು. ದಾಕ್ಷಾಯಣಿಗೆ ಕೂಗಬೇಕೆನಿಸಿತು. ಯಾರ ಮೇಲೆ ಕೂಗುವುದು? ಪ್ರಶ್ನೆ ಬರೆದವಳು ತಾನು. ಉತ್ತರ ಕೊಟ್ಟದ್ದು ಪ್ರೀತಿ. ಇವೆರಡರ ನಡುವೆ ಕೂಸು ಒಳಗೆ ಹೋಯಿತು.

ಸಾಲಿನಲ್ಲಿ ಮುಂದಿನವಳು ಎಳೆಯ ಪ್ರಾಯದವಳು. ಅವಳು ಮೇಜಿನ ಹತ್ತಿರ ಹೋಗಲಿಲ್ಲ. ಬನಶ್ರೀಯ ಕೆನ್ನೆಯನ್ನೇ ನೋಡುತ್ತ ನಿಂತಿದ್ದಳು. ಆ ಮೇಲೆ ತಿಪ್ಪಮ್ಮನಿಗೆ ಮೆಲ್ಲಗೆ ಹೇಳಿದಳು.

"ಅಜ್ಜಿ, ಆ ಕಾಡಿಗೆ... ನಮ್ಮ ಹುಡುಗಿಗೂ ಒಂದಿಷ್ಟು ಹಚ್ತೀರಾ? ಅವಸರದಾಗೆ ಮನೆಯಾಗೇ ಮರೆತು ಬಂದೆ. ಅದಿಲ್ದೆ ನಾನು ಹೆಂಗೆ ಹೇಳಲಿ?"

ತಿಪ್ಪಮ್ಮ ಕರಡಿಗೆ ಹೊರತೆಗೆದಳು. ದಾಕ್ಷಾಯಣಿ ಅದನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಬಗ್ಗಿ ಕುಳಿತು, ಆ ಮಗುವಿನ ಗಲ್ಲ ಹಿಡಿದು, ಕೆನ್ನೆಗೆ ಬೊಟ್ಟು ಇಟ್ಟಳು. ಸಣ್ಣದಾಯಿತೆಂದು ಇನ್ನೊಮ್ಮೆ ಒತ್ತಿದಳು.

"ಈಗ ತಾಗಲ್ಲ," ಎಂದಳು.

"ಮಗು ಮನೇಲಿ ಹೇಗಮ್ಮ?" ಎಂದಳು ನರ್ಸು.

ಎಳೆಯ ತಾಯಿ ಮಗಳ ಕೆನ್ನೆಯ ಕಪ್ಪಿನ ಮೇಲೆ ಕಣ್ಣು ನೆಟ್ಟಳು. "ನಮ್ಮ ಹುಡುಗಿ..." ಎಂದು ನಿಂತಳು. ಉಸಿರೆಳೆದುಕೊಂಡಳು. "ನಮ್ಮ ಹುಡುಗಿ ಭಾಳ ಶಾಣೆ. ನನಗೆ ಜ್ವರ ಬಂದಾಗ ಇಡೀ ದಿನ ಪಕ್ಕದಾಗೇ ಕೂತಿದ್ದಳು."

ನರ್ಸು ತಲೆಯ ಮೇಲೆ ಕೈಯಿಟ್ಟುಕೊಂಡು ಮತ್ತೆ ಫೋನು ಎತ್ತಿದಳು.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಮೊದಲಿನ ಹುಡುಗಿ ಹೊರಗೆ ಬಂದಳು. ತಾಯಿ ಸೆರಗಿನಿಂದ ಅವಳ ಮೂಗು ಒರೆಸಿದಳು. ಹನಿ ಕೆಲಸ ಮಾಡಲು ಇನ್ನೂ ಒಂದು ವಾರ ಬೇಕು. ಹುಡುಗಿ ಹಿಂದಿನಂತೆಯೇ ಬಿಳಿಯ ಚೌಕದಿಂದ ಬಿಳಿಯ ಚೌಕಕ್ಕೆ ಕುಪ್ಪಳಿಸುತ್ತ, ಒಂದು ಕಪ್ಪನ್ನೂ ತುಳಿಯದೆ, ಬಾಗಿಲಾಚೆಗೆ ಹೋದಳು.

ದಾಕ್ಷಾಯಣಿ ಅವಳು ಕಣ್ಮರೆಯಾಗುವವರೆಗೆ ನೋಡಿದಳು. ಆ ಮೇಲೆ ಹೆಬ್ಬೆರಳನ್ನು ಕರಡಿಗೆಯಲ್ಲಿ ಮತ್ತೆ ಅದ್ದಿ, ಸಾಲಿನ ಮುಂದಿನ ಮಗುವಿನ ಕಡೆಗೆ ನಡೆದಳು.